ತೈಲದಂಗಡಿಯ ಸೊಸೆಗೆ ತಲೆನೋವು

ನನ್ನ ಅತ್ತೆಗೆ ಒಂದೇ ಒಂದು ದಿನ ನನ್ನ ತಲೆನೋವು ಬರಲಿ ಎಂದು ನಾನು ದೇವರಲ್ಲಿ ಬೇಡಿಕೊಂಡಿದ್ದೇನೆ. ಒಂದು ಸಲವಲ್ಲ, ನೋವು ಬಂದಾಗಲೆಲ್ಲ. ಬಚ್ಚಲಲ್ಲಿ ಬಗ್ಗಿ ವಾಂತಿ ಮಾಡಿಕೊಳ್ಳುತ್ತಿರುವಾಗ ಒಳ್ಳೆಯ ಆಲೋಚನೆಗಳು ಬರುವುದಿಲ್ಲ. ಕಾಯಿಲೆ ಮನುಷ್ಯರನ್ನು ಮೆತ್ತಗೆ ಮಾಡುತ್ತದೆ ಎನ್ನುವವರನ್ನು ಕಂಡಿದ್ದೇನೆ, ಅವರಿಗೆ ಬಂದದ್ದು ಬೇರೆ ಕಾಯಿಲೆ ಇರಬೇಕು. ನನ್ನನ್ನು ಅದು ಸೇಡಿನವಳನ್ನಾಗಿ ಮಾಡಿತು. ಈಗ ಮಾತ್ರೆಗಳಿಂದ ತಲೆ ಸುಮಾರಾಗಿ ಹದಕ್ಕೆ ಬಂದಿದೆ, ಸೇಡು ಮಾತ್ರ ಇಳಿದಿಲ್ಲ. ನಿಮ್ಮಲ್ಲಿ ಯಾರಾದರೂ ಕಿಟಕಿಗೆ ಕಂಬಳಿ ಕಟ್ಟಿ ಮಲಗಿ, ಹೊರಗೆ ಪಾತ್ರೆ ಕುಕ್ಕುವವರ ಮೇಲೆ ಹಲ್ಲು ಕಡಿದವರಿದ್ದರೆ, ನೀವೊಬ್ಬರೇ ಅಲ್ಲ ಎಂದು ಹೇಳಲಿಕ್ಕೆ ಇದನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಮಸಿನಗುಡಿಯಲ್ಲಿ. ಅಜ್ಜನ ಕಾಲಕ್ಕೆ ಗುಂಡ್ಲುಪೇಟೆ ಕಡೆಯಿಂದ ಬಂದು ನೆಲೆನಿಂತ ಕುಟುಂಬ ನಮ್ಮದು. ಮದುವೆಯಾಗಿ ಬಂದದ್ದು ಕಲ್ಲಟ್ಟಿ ಘಾಟಿಯ ಮೇಲೆ, ಊಟಿಗೆ ಹೋಗುವ ರಸ್ತೆ ಪಕ್ಕದ ಮನೆಗೆ. ಗಂಡನ ಮನೆಯವರು ನೀಲಗಿರಿ ತೈಲ ಕಾಯಿಸುವವರು. ಮನೆಯ ಹಿಂದೆ ತಗಡಿನ ಷೆಡ್ಡು, ಅದರೊಳಗೆ ಆಳೆತ್ತರದ ಹಂಡೆ. ಎಲೆ ತುಂಬಿ ಮುಚ್ಚಳ ಬಿಗಿದು ಕೆಳಗೆ ಬೆಂಕಿ ಹಾಕಿದರೆ, ಆವಿ ಕೊಳವೆಯೊಳಗೆ ತಣ್ಣೀರ ತೊಟ್ಟಿ ಹಾದು ತೈಲವಾಗಿ ತೊಟ್ಟಿಕ್ಕುತ್ತದೆ. ಮನೆಯ ಮುಂದೆ ಅಂಗಡಿ. ಮೈಸೂರು ಕಡೆಯಿಂದ ಘಾಟಿ ಹತ್ತಿ ಬರುವ ವಾಹನಗಳು ಎಂಜಿನ್ ತಣಿಸಲು ನಮ್ಮ ಅಂಗಡಿ ಮುಂದೆಯೇ ನಿಲ್ಲುತ್ತವೆ. ತಿರುವುಗಳಲ್ಲಿ ಸುತ್ತಿ ಸುತ್ತಿ ಬಂದವರು ಇಳಿಯುವಾಗಲೇ ಹಣೆ ಹಿಡಿದುಕೊಂಡಿರುತ್ತಾರೆ. ತಲೆನೋವಿನ ಎಣ್ಣೆ ಮಾರಲು ಇದಕ್ಕಿಂತ ಒಳ್ಳೆಯ ಜಾಗ ಭೂಮಿಯ ಮೇಲೆ ಸಿಗಲಾರದು.

ಅತ್ತೆಯ ಹೆಸರು ದೊಡ್ಡತಾಯಮ್ಮ. ಮಾವ ಬೇಗ ಹೋದರು, ಹಂಡೆ ಅತ್ತೆಯ ಕೈಗೆ ಬಂತು. ಆವಿ ತಗುಲಿ ಅವರ ಮೊಣಕೈವರೆಗೂ ಸುಟ್ಟ ಕಲೆಗಳಿವೆ. ಒಬ್ಬರೇ ನಿಂತು ಮಗನನ್ನು ಸಾಕಿದರು, ಮನೆ ಕಟ್ಟಿಸಿದರು. ಆ ಗೌರವಕ್ಕೇ ನಾನು ಈಗಲೂ ಅವರನ್ನು ಬಹುವಚನದಲ್ಲೇ ಬೈಯುತ್ತೇನೆ. ಅವರ ಪ್ರಕಾರ ಲೋಕದಲ್ಲಿ ಇರುವುದು ಒಂದೇ ಕಾಯಿಲೆ, ಅದು ಪನಿ. ಅಂದರೆ ಇಲ್ಲಿ ಬೆಳಿಗ್ಗೆ ಸುರಿಯುವ ಮಂಜು. ಅದು ಕಿವಿಗೆ ಹೊಕ್ಕರೆ ತಲೆನೋವು, ಎದೆಗೆ ಹೊಕ್ಕರೆ ಕೆಮ್ಮು, ಮಂಡಿಗೆ ಹೊಕ್ಕರೆ ವಾತ. ಮದ್ದೂ ಒಂದೇ.

ಮಸಿನಗುಡಿಯಲ್ಲಿ ನನಗೆ ತಲೆನೋವು ಎಂದೋ ಒಮ್ಮೆ ಬರುತ್ತಿತ್ತು. ಅಮ್ಮ ಪಿತ್ತ ಎಂದು ನಿಂಬೆಹಣ್ಣಿನ ಪಾನಕ ಕುಡಿಸಿ ಮಲಗಿಸುತ್ತಿದ್ದಳು. ಕಲ್ಲಟ್ಟಿಗೆ ಬಂದ ಮೇಲೆ ವಾರವಾರವೂ ಬರತೊಡಗಿತು. ಹಂಡೆಗೆ ಬೆಂಕಿ ಹಾಕಿದ ದಿನವಂತೂ ತಪ್ಪುತ್ತಲೇ ಇರಲಿಲ್ಲ. ತಲೆನೋವು ಎಂದು ಬಾಯಿ ಬಿಟ್ಟರೆ ಸಾಕು, ಅತ್ತೆ ಬಾಟಲಿ ಹಿಡಿದು ಬರುತ್ತಿದ್ದರು. ಹಣೆಗೆ, ಕಪಾಳಕ್ಕೆ, ಮೂಗಿನ ಕೆಳಗೆ ತಿಕ್ಕುವುದು, ಬಟ್ಟೆಯನ್ನು ತೈಲದಲ್ಲಿ ನೆನೆಸಿ ತಲೆಗೆ ಬಿಗಿದು ಕಟ್ಟುವುದು. ನಾನು ಓಡಿ ಹೋಗಿ ವಾಂತಿ ಮಾಡುತ್ತಿದ್ದೆ. ಅದನ್ನು ಕಂಡು ಅವರಿಗೆ ಖುಷಿ.

"ನೋಡು ಅಮ್ಮಿ, ಪನಿ ಎಲ್ಲಾ ಆಚಗ್ ಬಂತು. ಅದೇ ಕನಾ ತೈಲದ ಗುಣ!"

ಮಾರನೆಯ ದಿನ ನೋವು ತಾನಾಗಿ ಇಳಿದರೆ ಅದೂ ತೈಲದ ಗುಣ. ಇಳಿಯದಿದ್ದರೆ ಇನ್ನೊಂದು ಸಲ ಹಚ್ಚುವುದು. ಮದ್ದೇ ನೋವು ತರುತ್ತಿರಬಹುದು ಎಂಬ ಸಂಶಯ ಆ ಮನೆಯಲ್ಲಿ ಯಾರಿಗೂ ಬರಲಿಲ್ಲ, ಬಹಳ ದಿನ ನನಗೂ ಬರಲಿಲ್ಲ. ತೈಲದ ವಾಸನೆಗೆ ತಲೆ ನೋಯುತ್ತದೆ ಎಂದು ಈ ಬೆಟ್ಟದಲ್ಲಿ ಹೇಳಿದರೆ ಅನ್ನ ತಿಂದರೆ ಹಸಿವಾಗುತ್ತದೆ ಎಂದ ಹಾಗೆ.

ಮಿಕ್ಕವರೂ ಸುಮ್ಮನಿರಲಿಲ್ಲ. ಮಗು ಆದರೆ ಸರಿಹೋಗುತ್ತದೆ ಎಂದರು ಓರಗಿತ್ತಿಯರ ಸಾಲಿಗೆ ಬರುವ ನೆಂಟರು. ಮಗಳು ಹುಟ್ಟಿದಳು, ಇನ್ನೊಂದು ಆಗಲಿ ಎಂದರು. ಫೋನ್ ನೋಡುವುದು ಜಾಸ್ತಿ ಎಂದವರಿದ್ದಾರೆ, ಅಡುಗೆ ಕೆಲಸ ಇರುವ ದಿನವೇ ಯಾಕೆ ಬರುತ್ತದೆ ಎಂದು ನಕ್ಕವರಿದ್ದಾರೆ. ಅವರೆಲ್ಲರ ಮುಖ ನನಗೆ ಚೆನ್ನಾಗಿ ನೆನಪಿದೆ. ಒಮ್ಮೆ, ಒಂದೇ ಒಮ್ಮೆ, ಅತ್ತೆ ಆಲಿಕೆಯಿಟ್ಟು ಬಾಟಲಿಗಳಿಗೆ ತೈಲ ತುಂಬುತ್ತಿದ್ದಾಗ ಎದುರಿಗೆ ಕೂತು ನನಗೇನಾಗುತ್ತದೆ ಎಂದು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅತ್ತುಕೊಂಡೇ ಹೇಳಿದೆ. ಅವರು ತಲೆ ಎತ್ತಲಿಲ್ಲ. ನಾನು ಮುಗಿಸಿದ ಮೇಲೆ ಬಾಟಲಿಗೆ ಬಿರಡೆ ಹಾಕಿ, "ಆಯ್ತಾ? ಹೋಗಿ ಲೇಬಲ್ ಅಂಟ್ಸು" ಎಂದರು.

ಹೀಗೆ ನಂಬದ ಅತ್ತೆಯೇ ನನ್ನ ತಲೆನೋವಿಗೆ ಒಂದು ಉಪಯೋಗ ಕಂಡುಕೊಂಡರು. ಸೀಸನ್ ಬಂತೆಂದರೆ ನನ್ನನ್ನು ಅಂಗಡಿಗೆ ಕರೆದು ಸ್ಟೂಲಿನ ಮೇಲೆ ಕೂರಿಸುವುದು. ಗಿರಾಕಿಗಳ ಮುಂದೆ ನನ್ನ ಹಣೆಗೆ ತೈಲ ತಿಕ್ಕುವುದು.

"ನೋಡಿ ಸಾರ್, ಇವ್ಳು ನನ್ ಸೊಸೆ ಪ್ರೇಮ. ಮದ್ವೆ ಆಗಿ ಬಂದಾಗಿಂದ ತಲೆನೋವು. ಯಾವ್ ಡಾಕ್ಟ್ರಿಗೂ ಬಗ್ಗಲ್ಲ. ನಮ್ ತೈಲ ಹಚ್ಕಂಡೇ ನಿಂತವ್ಳೆ. ಏನಮ್ಮಿ, ಹಗೂರ ಆಯ್ತಾ?"

ನಾನು "ಆಯ್ತು" ಎನ್ನಬೇಕು. ಗಿರಾಕಿಗಳು ಬಾಟಲಿ ಕೊಂಡು ಹೋಗುತ್ತಾರೆ. ನಾನು ಒಳಗೆ ಹೋಗಿ ಮುಸುಕು ಹಾಕುತ್ತೇನೆ. ಮನೆಯಲ್ಲಿ ನನ್ನ ತಲೆನೋವು ನಾಟಕ, ಅಂಗಡಿಯಲ್ಲಿ ಅದು ನಿಜ. ನನಗೆ ಆಗ ಚಿನ್ನ ಬೇಡವಾಗಿತ್ತು, ಬೇರೆ ಮನೆ ಬೇಡವಾಗಿತ್ತು. ಆ ಸ್ಟೂಲಿನಿಂದ ಇಳಿಯಬೇಕಾಗಿತ್ತು, ಅಷ್ಟೇ.

ನನ್ನ ಗಂಡ ಮಾದೇವ ಕೆಟ್ಟವನಲ್ಲ, ತಾಯಿಯ ಎದುರು ಬಾಯಿ ಬರುವುದಿಲ್ಲ. ಎದುರಿಗೆ ಅವನನ್ನು 'ರೀ' ಎನ್ನುತ್ತೇನೆ, ಬರೆಯುವಾಗ ಏಕವಚನವೇ ಸಾಕು. ಅವನು ನನ್ನ ತಲೆನೋವಿಗೆ ಊಟಿಯ ಮೆಡಿಕಲ್ಲಿನಿಂದ ನೋವಿನ ಮಾತ್ರೆ ತಂದು ಕೊಡುತ್ತಿದ್ದ. ಕಡೆಕಡೆಗೆ ನಾನು ಅದನ್ನು ಕಡಲೆಪುರಿಯ ಹಾಗೆ ತಿನ್ನುತ್ತಿದ್ದೆ. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಅವನಿಗೆ ಉಪ್ಪಿನ ಡಬ್ಬ ಕೊಡಿ ಎನ್ನಲು ಹೋದೆ, ಬಾಯಿಗೆ ಮಾತೇ ಸಿಗಲಿಲ್ಲ. ಏನೋ ಅಂದೆ, ಅದು ಉಪ್ಪಲ್ಲ ಎಂದು ಗೊತ್ತು, ಸರಿ ಮಾಡಲು ಆಗುತ್ತಿಲ್ಲ. ಬಲಗೈ ಜೋಮು ಹಿಡಿದಿತ್ತು. ಸ್ವಲ್ಪ ಹೊತ್ತಿಗೆ ಎಲ್ಲ ಸರಿಹೋಯಿತು, ತಲೆನೋವು ಶುರುವಾಯಿತು. ಆದರೆ ಮಾದೇವನ ಮುಖ ಬೆಳ್ಳಗಾಗಿತ್ತು. ಲಕ್ವ ಹೊಡೆಯಿತು ಎಂದುಕೊಂಡನಂತೆ. ಅಲ್ಲಿಯವರೆಗೆ ಅವನಿಗೆ ನನ್ನ ಮೇಲೆ ಕನಿಕರ ಇತ್ತು, ಅವತ್ತು ಮೊದಲ ಸಲ ಭಯ ಬಂತು. ಭಯಕ್ಕೆ ಕನಿಕರಕ್ಕಿಂತ ಕಾಲು ಚುರುಕು.

ಕೊಯಮತ್ತೂರಿಗೆ ಡಾಕ್ಟರ ಹತ್ತಿರ ಹೋಗುತ್ತೇವೆ ಎಂದು ಅತ್ತೆಗೆ ಹೇಳುವ ಹಾಗಿರಲಿಲ್ಲ. ತೈಲದ ಮನೆಯವರು ತಲೆನೋವಿಗೆ ಡಾಕ್ಟರ ಹತ್ತಿರ ಹೋಗುವುದೆಂದರೆ ಅಂಗಡಿಗೆ ಕಳಂಕ. ಸ್ನೇಹಿತನ ತಂಗಿಯ ಮದುವೆ ಎಂದು ಮಾದೇವ ಸುಳ್ಳು ಹೇಳಿದ. ಮದುವೆ ಎಂದ ಮೇಲೆ ರೇಷ್ಮೆ ಸೀರೆ ಉಡಬೇಕು, ಹೂ ಮುಡಿಯಬೇಕು. ಮೆಟ್ಟುಪಾಳಯದಲ್ಲಿ ಹೂ ಕಿತ್ತೆಸೆದೆ, ಅದರ ವಾಸನೆಗೂ ತಲೆ ಸಿಡಿಯುತ್ತಿತ್ತು. ಸೀರೆ ಎಲ್ಲಿ ಎಸೆಯುವುದು? ನರರೋಗದ ಡಾಕ್ಟರ ವೇಟಿಂಗ್ ಹಾಲಿನಲ್ಲಿ ಜರಿಯಂಚಿನ ಸೀರೆ, ಡಾಬು, ಝುಮಕಿ ಹಾಕಿಕೊಂಡು ಮದುವೆಗೆ ಬಂದ ಬೀಗಿತ್ತಿಯ ಹಾಗೆ ಕೂತಿದ್ದೆ.

ಆ ಹಾಲನ್ನು ನಾನು ಮರೆಯುವುದಿಲ್ಲ. ಗೋಡೆಯ ಮೇಲೆ ಟಿವಿ ಕಿರುಚುತ್ತಿತ್ತು, ಟ್ಯೂಬ್‌ಲೈಟೊಂದು ಮಿಣುಕುತ್ತಿತ್ತು. ಅದರ ಕೆಳಗೆ ಒಬ್ಬ ಪೊಲೀಸಿನವರು ಒದ್ದೆ ಟವೆಲ್ಲನ್ನು ತಲೆಗೆ ಹೊದ್ದು ಗೋಡೆಗೆ ತಿರುಗಿ ಕೂತಿದ್ದರು. ಕಾಲೇಜು ಹುಡುಗಿಯೊಬ್ಬಳು ತಾಯಿಯ ತೊಡೆಯಲ್ಲಿ ಮುಖ ಹುದುಗಿಸಿದ್ದಳು. ಯಾರೂ ಯಾರನ್ನೂ ಏನಾಯಿತು ಎಂದು ಕೇಳುತ್ತಿರಲಿಲ್ಲ. ಆ ಪೊಲೀಸಿನವರು ಎದ್ದು ಹೋಗಿ, ಯಾರನ್ನೂ ಕೇಳದೆ, ಟಿವಿ ಆರಿಸಿದರು. ಆಮೇಲೆ ಟ್ಯೂಬ್‌ಲೈಟನ್ನೂ ಆರಿಸಿದರು. ಅಷ್ಟೂ ಜನ ಒಟ್ಟಿಗೆ ಉಸಿರು ಬಿಟ್ಟೆವು. ನನಗೆ ಅಳು ಬಂತು. ಲಾಠಿ ಹಿಡಿಯುವವರಿಗೂ ಈ ನೋವು ಬರುತ್ತದೆ ಎಂದು ತಿಳಿದು ಎಷ್ಟು ಸಮಾಧಾನವಾಯಿತೋ, ನನ್ನನ್ನು ಕೆಟ್ಟವಳೆಂದುಕೊಂಡರೂ ಸರಿ.

ಡಾಕ್ಟರಮ್ಮ ನನ್ನ ಸೀರೆಯನ್ನು ನೋಡಿ ಏನೂ ಅನ್ನಲಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿದರು, ನಡುವೆ ಬಾಯಿ ಹಾಕಲಿಲ್ಲ. ಕೈಕಾಲು ಕಣ್ಣು ಪರೀಕ್ಷೆ ಮಾಡಿ, ಸ್ಕ್ಯಾನ್ ಮಾಡಿಸಿ, ಗಡ್ಡೆಯೂ ಇಲ್ಲ ಲಕ್ವವೂ ಅಲ್ಲ, ಮೈಗ್ರೇನ್ ಎಂದರು. ಆಮೇಲೆ ಮನೆಯಲ್ಲಿ ಏನು ಕೆಲಸ ಎಂದು ತಮಿಳಿನಲ್ಲಿ ಕೇಳಿದರು.

"ತೈಲ ಕಾಯಿಸ್ತೀವಿ ಮೇಡಂ, ನೀಲಗಿರಿ ತೈಲ" ಎಂದ ಮಾದೇವ, ಸ್ವಲ್ಪ ಜಂಬದಿಂದಲೇ.

ಅವರು ಪೆನ್ನು ಕೆಳಗಿಟ್ಟರು. "ಮನೆಯಲ್ಲೇ?"

"ಮನೆ ಹಿಂದೆ. ತಲೆನೋವು ಬಂದ್ರೆ ಇವಳಿಗೂ ಅದನ್ನೇ ಹಚ್ಚೋದು."

"ತೈಲ ಕಾಯಿಸಿದ ದಿನ ಇವರು ಹೇಗಿರುತ್ತಾರೆ?"

ಮಾದೇವ ನನ್ನ ಕಡೆ ತಿರುಗಿದ. ಅವನ ತಲೆಯೊಳಗೆ ವರ್ಷಗಳು ಹಿಂದಕ್ಕೆ ಓಡಿದ್ದು ನನಗೆ ಕಾಣಿಸುತ್ತಿತ್ತು. ಡಾಕ್ಟರಮ್ಮ ಗದರಲಿಲ್ಲ. ಆ ಎಣ್ಣೆ ಎಷ್ಟೋ ಜನಕ್ಕೆ ಏನೂ ಮಾಡುವುದಿಲ್ಲ, ಕೆಲವರಿಗೆ ಹಾಯೆನಿಸುತ್ತದೆ, ಇವರಿಗೆ ಆಗಿಬರುವುದಿಲ್ಲ, ಆ ವಾಸನೆಯಿಂದ ದೂರವಿಡಿ ಎಂದರು. ದಿನಾ ನುಂಗುತ್ತಿದ್ದ ನೋವಿನ ಮಾತ್ರೆಯೇ ತಲೆನೋವನ್ನು ಹೆಚ್ಚು ಮಾಡುತ್ತಿದೆ, ಅದನ್ನು ನಿಲ್ಲಿಸಿ ಎಂದರು. ನೋವು ಬಾರದಂತೆ ದಿನಾ ತಿನ್ನುವ ಮಾತ್ರೆ ಬೇರೆ, ಬಂದ ಕೂಡಲೇ ತಿನ್ನುವ ಮಾತ್ರೆ ಬೇರೆ ಬರೆದುಕೊಟ್ಟರು. ಪೂರ್ತಿ ಹೋಗುತ್ತದೆ ಎಂದು ಹೇಳಲಿಲ್ಲ. ಹದಕ್ಕೆ ಬರುತ್ತದೆ ಎಂದರು.

ಮದುವೆಗೆ ಹೋದವರು ಬರಿಗೈಯಲ್ಲಿ ಬರುವ ಹಾಗಿಲ್ಲ. ಮಾದೇವ ಬಸ್ ಸ್ಟ್ಯಾಂಡಿನಲ್ಲಿ ಒಂದು ಚೀಲ, ತೆಂಗಿನಕಾಯಿ, ವೀಳ್ಯದೆಲೆ ಕೊಂಡು ತಾನೇ ತಾಂಬೂಲ ಕಟ್ಟಿದ. ಮಾತ್ರೆಗಳು ತೆಂಗಿನಕಾಯಿಯ ಕೆಳಗೆ ಮನೆ ಸೇರಿದವು. "ಊಟ ಹೆಂಗಿತ್ತು?" ಎಂದು ಅತ್ತೆ ಕೇಳಿದರು. "ಪಾಯಸ ಚೆನ್ನಾಗಿತ್ತು" ಎಂದೆ.

ಹಳೆಯ ಮಾತ್ರೆ ಬಿಟ್ಟ ಮೊದಲ ವಾರಗಳನ್ನು ನನ್ನ ಶತ್ರುವಿಗೂ ಕೊಡಬೇಡ ಎಂದು ಬರೆಯುವುದು ವಾಡಿಕೆ. ನಾನು ಹಾಗೆ ಬರೆಯುವುದಿಲ್ಲ, ನನ್ನ ಶತ್ರು ಯಾರೆಂದು ನನಗೆ ಗೊತ್ತು. ತಲೆ ಗೋಡೆಗೆ ಒತ್ತಿ ಕೂರುತ್ತಿದ್ದೆ. ಮಗಳು ಒದ್ದೆ ಬಟ್ಟೆ ತಂದು ಸದ್ದಿಲ್ಲದೆ ಹಣೆಯ ಮೇಲಿಟ್ಟು, ಕಾಲ ತುದಿಯಲ್ಲಿ ನಡೆದು ಹೋಗುತ್ತಿದ್ದಳು. ಆಮೇಲೆ ಒಂದು ವಾರ ನೋವೇ ಬರಲಿಲ್ಲ. ಬಿಸಿಲು ಬರಿ ಬಿಸಿಲಾಗಿ ಕಂಡಿತು. ನನ್ನಂಥವರಿಗೆ ಮಾತ್ರ ಗೊತ್ತು ಅದು ಎಂಥ ಸುಖವೆಂದು.

ಅಷ್ಟರಲ್ಲಿ ಸೀಸನ್ ಬಂತು. ಮಾದೇವ ಧೈರ್ಯ ಮಾಡಿ ತಾಯಿಯ ಹತ್ತಿರ ನಿಜ ಹೇಳಿದ. "ಅವ್ವ, ಡಾಕ್ಟ್ರಿಗೆ ತೋರ್ಸಿದ್ದೀನಿ. ತೈಲದ ವಾಸ್ನೆ ಇವ್ಳಿಗ ಆಗಲ್ವಂತೆ. ಅಂಗ್ಡೀಲಿ ಕೂರ್ಸದು ಬ್ಯಾಡ."

ಅತ್ತೆ ನಕ್ಕುಬಿಟ್ಟರು. "ತೈಲದಿಂದ ತಲೆನೋವಾ? ಅಂತ ಕಾಯ್ಲೆನೇ ಇಲ್ಲ ಬುಡು ಮಗ. ಕೆಲ್ಸ ತಪ್ಸ್ಕಳಕ್ಕ ನಾಟ್ಕ. ನಾಳ ಟೂರಿಸ್ಟ್ ವಂಡಿ ಬತ್ತವ, ಬಂದು ಕೂರಕ್ಕ ಹೇಳು."

ಮಾದೇವ ತಲೆ ಕೆರೆದುಕೊಂಡು ಹೊರಗೆ ಹೋದ. ನಾನು ಹೋಗಿ ಕೂತೆ.

ಅವತ್ತು ಮೈಸೂರು ಕಡೆಯ ಒಂದು ವ್ಯಾನು ಬಂತು. ಮನೆಮಂದಿಯೆಲ್ಲ ಇಳಿದು ಅಂಗಡಿಯೊಳಕ್ಕೆ ಬಂದರು. ಒಬ್ಬಳು ಮಾತ್ರ ಬಾಗಿಲಾಚೆಯೇ ನಿಂತಳು. ನನಗಿಂತ ಚಿಕ್ಕವಳು, ಕಪ್ಪು ಕನ್ನಡಕ, ಸೆರಗು ಮೂಗಿಗೆ ಒತ್ತಿಕೊಂಡಿದ್ದಳು. ಕುತ್ತಿಗೆಯನ್ನು ಒಂದು ಕಡೆಗೆ, ಸ್ವಲ್ಪವೂ ಅಲುಗಿಸದೆ, ತುಂಬಿದ ಬಿಂದಿಗೆ ಹೊತ್ತವಳ ಹಾಗೆ ಹಿಡಿದಿದ್ದಳು. ನೋಡಿದ ಕೂಡಲೇ ಗೊತ್ತಾಯಿತು. ಅತ್ತೆ ನನ್ನ ಹಣೆಗೆ ತಿಕ್ಕಿ ತಮ್ಮ ಮಾತು ಮುಗಿಸುತ್ತಿದ್ದಂತೆ, ಅವಳ ಗಂಡ ಹೋಗಿ ಅವಳ ಮೊಣಕೈ ಹಿಡಿದು ಒಳಗೆ ಕರೆತಂದ. "ಇವಳಿಗೂ ಯಾವಾಗಲೂ ಇದೇ ರಾಗ. ಇವಳಿಗೂ ಹಚ್ಚಿ" ಎಂದ. ಅತ್ತೆ ಅಂಗೈಗೆ ತೈಲ ಸುರಿದುಕೊಂಡರು. ಅವಳು ನನ್ನ ಕಡೆ ತಿರುಗಿದಳು.

"ಅಕ್ಕ, ನಿಜವಾಗ್ಲೂ ಹೋಗುತ್ತಾ?"

ನಾನು ಎದ್ದು ಅತ್ತೆಯ ಮಣಿಕಟ್ಟು ಹಿಡಿದೆ.

"ಇಲ್ಲ, ಹೋಗಲ್ಲ. ನನಗೆ ತಲೆನೋವು ಬರೋದೇ ಇದರಿಂದ. ನಿಮಗೆ ಈ ವಾಸನೆ ಆಗ್ತಾ ಇಲ್ಲ ಅಂತ ಕಾಣುತ್ತೆ, ಆಚೆ ನಡೀರಿ."

ಅವಳನ್ನು ಕರೆದುಕೊಂಡು ಹೋಗಿ ಮೋರಿ ಕಟ್ಟೆಯ ಮೇಲೆ, ಮರದ ನೆರಳಲ್ಲಿ ಕೂರಿಸಿದೆ. ಅವಳು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡಳು. ಆಮೇಲೆ ಅವಳು ಮೆಲ್ಲಗೆ, "ನಿಮ್ಮನ್ನ ಯಾರಾದ್ರೂ ನಂಬ್ತಾರಾ?" ಎಂದು ಕೇಳಿದಳು. "ಒಬ್ಬ ಡಾಕ್ಟರಮ್ಮ ನಂಬಿದರು, ಈಗ ನೀವು" ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು. ನನಗೆ ಇಷ್ಟು ವರ್ಷದಲ್ಲಿ ಸಿಕ್ಕ ಮದ್ದುಗಳಲ್ಲಿ ಅದೂ ಒಂದು. ಅಂಗಡಿಯಿಂದ ಯಾರೂ ಬಾಟಲಿ ಕೊಳ್ಳದೆ ಹೊರಟದ್ದನ್ನು ನೋಡಿ ಆದ ಸಂತೋಷ ಬೇರೆ.

ಸಂಜೆ ಅತ್ತೆ ನನ್ನ ಮುಖ ನೋಡದೆ ಹೇಳಿದರು. "ನಾಳಿಂದ ನೀನು ಅಂಗ್ಡಿ ಒಳಕ್ಕ ಕಾಲ್ ಮಡಗ್ಬ್ಯಾಡ."

ಕಾಲು ಹಿಡಿದು ಕೇಳಿದ್ದೆ, ಅತ್ತು ಕೇಳಿದ್ದೆ, ಡಾಕ್ಟರ ಮಾತನ್ನು ಮುಂದಿಟ್ಟು ಗಂಡನ ಬಾಯಲ್ಲಿ ಕೇಳಿಸಿದ್ದೆ. ಆಗ ಸಿಗದ ಬಿಡುಗಡೆ, ಒಂದು ನಿಜ ಹೇಳಿದ್ದಕ್ಕೆ ಶಿಕ್ಷೆಯಾಗಿ ಸಿಕ್ಕಿತು. "ಆಗಲಿ ಅತ್ತೆ" ಎಂದೆ. ನಗು ತಡೆದುಕೊಳ್ಳುವುದು ಕಷ್ಟವಾಯಿತು.

ಮಾದೇವ ರಸ್ತೆಯ ಆಚೆ ಬದಿಗೆ ನಾಲ್ಕು ಕಂಬ ನೆಟ್ಟು ಟಾರ್ಪಾಲು ಕಟ್ಟಿಕೊಟ್ಟ. ಗಾಳಿ ನನ್ನ ಕಡೆಯಿಂದ ಅಂಗಡಿಯ ಕಡೆಗೆ ಬೀಸುವ ಜಾಗ. ಅಲ್ಲಿ ಸೊಪ್ಪು ಸಮೇತ ಕ್ಯಾರೆಟ್, ಮೂಲಂಗಿ, ಪ್ಲಮ್ ಹಣ್ಣು ಇಟ್ಟುಕೊಂಡು ಕೂರುತ್ತೇನೆ. ಷೆಡ್ಡಿನ ಕಡೆಯ ಕಿಟಕಿಗೆ ಹಲಗೆ ಹೊಡೆಸಿದೆ, ಹಂಡೆ ಹಚ್ಚುವ ದಿನ ಮಗಳನ್ನು ಕರೆದುಕೊಂಡು ಮಸಿನಗುಡಿಗೆ ಹೋಗಿಬಿಡುತ್ತೇನೆ. ನೋವು ಈಗಲೂ ಬರುತ್ತದೆ. ಕಣ್ಣ ಮುಂದೆ ಮಿಣುಕು ಶುರುವಾದ ಕೂಡಲೇ ಮಾತ್ರೆ ನುಂಗಿ, ಟಾರ್ಪಾಲಿನ ಹಿಂದೆ ಗೋಣಿ ಹಾಸಿಕೊಂಡು ಮಲಗುತ್ತೇನೆ. ಮೊದಲಿನ ಹಾಗೆ ಎರಡು ದಿನ ಎಳೆಯುವುದಿಲ್ಲ.

ಮುಂದಿನ ಸೀಸನ್ನಿನಲ್ಲಿ ಒಂದು ದಿನ ಅಂಗಡಿಯ ಮುಂದೆ ವ್ಯಾನು ನಿಂತು ಜನ ತುಂಬಿಕೊಂಡರು. ಎಂಜಿನ್ ಆರಿಸಿದ್ದರಿಂದ ಒಳಗಿನ ಮಾತು ರಸ್ತೆಯ ಈಚೆಗೂ ಕೇಳುತ್ತಿತ್ತು. ಸ್ಟೂಲಿನ ಮೇಲೆ ಯಾರನ್ನು ಕೂರಿಸಿದ್ದಾರೆ ಎಂದು ನೋಡಿದೆ. ಅತ್ತೆಯೇ ಕೂತಿದ್ದರು. ತಮ್ಮ ಹಣೆಗೆ ತಾವೇ ತೈಲ ತಿಕ್ಕಿಕೊಳ್ಳುತ್ತಿದ್ದರು.

"ಏನ್ ಹೇಳನ ಸಾರ್, ಚಿಕ್ಕ ವಯಸ್ನಿಂದ ನಂಗ ಈ ತಲೆನೋವು. ಮೊದ್ಲು ಕಣ್ ಮುಂದ ಗಾಜಿನ ಚೂರು ಅಲ್ಲಾಡ್ದಂಗ ಆಯ್ತದ. ಆಮೇಲ ಅರ್ಧ ತಲೆ ಮಾತ್ರ, ಇನ್ನರ್ಧ ಯಾರ್ದೋ ಅನ್ನಂಗ. ಬೆಳ್ಕು ಆಗಲ್ಲ, ಮಾತು ಆಗಲ್ಲ. ಕೂಗಕ್ಕೂ ಆಗಲ್ಲ ಸಾರ್, ನಮ್ ಗಂಟ್ಲೇ ನಮ್ ತಲೆಗ ಹೊಡಿತದ. ಮಗೀನೂ ಹತ್ರ ಸೇರ್ಸ್ಬಾರ್ದು ಅನ್ನಂಗ ಆಯ್ತದ, ಆಮೇಲ ಅದ್ಕೇ ಅಳು ಬತ್ತದ."

ಕೈಯಲ್ಲಿದ್ದ ಕ್ಯಾರೆಟ್ ಕಟ್ಟನ್ನು ಕೆಳಗಿಟ್ಟೆ. ಅವು ನನ್ನ ಮಾತುಗಳು. ಮಗಳನ್ನು ದೂರ ತಳ್ಳಿದ ಮಾತನ್ನು ನಾನು ಡಾಕ್ಟರಮ್ಮನಿಗೂ ಹೇಳಿರಲಿಲ್ಲ. ಬಾಟಲಿ ತುಂಬುತ್ತಾ ತಲೆ ಎತ್ತದೆ ಕೂತಿದ್ದ ಅತ್ತೆಯ ಎದುರು, ಅವತ್ತೊಂದು ದಿನ ಬಿಟ್ಟರೆ, ಯಾರ ಹತ್ತಿರವೂ ಹೇಳಿರಲಿಲ್ಲ. ಅವರು ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡಿದ್ದರು. ನಂಬದೆ ಹಚ್ಚುತ್ತಿದ್ದಾರೆ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಅವರು ನನ್ನ ನೋವು ನಿಜವೆಂದು ನಂಬಿಯೇ ಹಚ್ಚಿದ್ದರು.

ರಸ್ತೆ ದಾಟಿದ್ದು ನೆನಪಿಲ್ಲ. ಸೆರಗನ್ನು ಮೂಗಿಗೆ ಕಟ್ಟಿಕೊಂಡು ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದೆ. ನನ್ನ ದನಿ ನನಗೇ ಆಶ್ಚರ್ಯವಾಗುವಷ್ಟು ಮೃದುವಾಗಿತ್ತು.

"ಸಾರ್, ಅಮ್ಮ, ಎಲ್ಲರೂ ದಯವಿಟ್ಟು ಸ್ವಲ್ಪ ಆಚೆ ಬನ್ನಿ. ನಮ್ಮತ್ತೆಗೆ ಈ ನೋವು ಬಂದಾಗ ಬೆಳಕು ಆಗಲ್ಲ, ಮಾತು ಆಗಲ್ಲ. ಈಗಷ್ಟೇ ಅವರೇ ಹೇಳಿದ್ರಲ್ಲ. ಪಾಪ, ನಿಮಗೋಸ್ಕರ ತಡ್ಕೊಂಡು ಕೂತಿದ್ದಾರೆ."

ಒಳ್ಳೆಯ ಜನ, ಕೂಡಲೇ ಹೊರಗೆ ಬಂದರು. ಒಬ್ಬಾಕೆ ಮಕ್ಕಳ ಬಾಯಿಗೆ ಬೆರಳಿಟ್ಟು ಸುಮ್ಮನಾಗಿಸಿದಳು. ಅತ್ತೆ ಸ್ಟೂಲಿನಿಂದ ಅರ್ಧ ಎದ್ದು, ಬಾಯಿ ತೆರೆದು, ಅಷ್ಟು ಜನರ ಮುಖ ನೋಡಿ ಮತ್ತೆ ಕೂತರು. ನಾನು ಷಟರನ್ನು ಕೆಳಗೆ ಎಳೆದೆ. ಬೀಗ ಹಾಕಲಿಲ್ಲ, ಒಳಗಿಂದ ಯಾವಾಗ ಬೇಕಾದರೂ ಎತ್ತಬಹುದಿತ್ತು. ಆದರೆ ಎತ್ತಿದರೆ ತಲೆನೋವು ಸುಳ್ಳಾಗುತ್ತಿತ್ತು, ಕೂಗಿದರೂ ಸುಳ್ಳಾಗುತ್ತಿತ್ತು. ಗಿರಾಕಿಗಳು ನನ್ನ ಹತ್ತಿರ ಪಿಸುಮಾತಿನಲ್ಲೇ ಕ್ಯಾರೆಟ್ ಕೊಂಡು, ವ್ಯಾನಿನ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೊರಟರು.

ಅವರ ಹಿಂದೆಯೇ ಇನ್ನೊಂದು ವ್ಯಾನು ಬಂದು ನಿಂತಿತು. ಜನ ಇಳಿಯುತ್ತಿದ್ದ ಹಾಗೆ ಷಟರನ್ನು ಮೊಣಕಾಲೆತ್ತರಕ್ಕೆ ಎತ್ತಿ ಬಗ್ಗಿ ನೋಡಿದೆ. ಕತ್ತಲಲ್ಲಿ ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ಕೂತಿದ್ದರು. ಹೊರಗಿನವರಿಗೂ ಕೇಳುವಂತೆ, ಆ ಮನೆಯಲ್ಲಿ ನನ್ನನ್ನು ಯಾರೂ ಕ್ಷೇಮಕ್ಕೆಂದು ಕೇಳದ ಪ್ರಶ್ನೆಯನ್ನು ಕೇಳಿದೆ.

"ನೋವು ಹೆಂಗದ ಅತ್ತೆ?"

ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಹೊರಗೆ ನಿಂತ ಗಿರಾಕಿಗಳ ಕಾಲುಗಳನ್ನು ನೋಡಿದರು.

"ಇನ್ನೂ ಅದ ಕನಾ ಅಮ್ಮಿ" ಎಂದರು.

"ಹಂಗಾದ್ರ ಇನ್ನೊಸಿ ಹೊತ್ತು ಮಲಿಕ್ಕಳಿ" ಎಂದು ಹೇಳಿ ಷಟರನ್ನು ಮತ್ತೆ ಕೆಳಗೆ ಎಳೆದೆ.